ನರೆಗೂದಲು, ಕನ್ನಡಕ, ಬಿಳಿ ಸೀರೆ: ಕಿರುತೆರೆ ವಯಸ್ಸು ಹೇಳಿದ ಬಗೆ

ಅಪ್ಪನಿಗಿಂತ ಮಗ ದೊಡ್ಡವನಾಗಿರುವುದು ಲೋಕದಲ್ಲಿ ಸಾಧ್ಯವಿಲ್ಲ. ಟಿ.ವಿ. ಧಾರಾವಾಹಿಗಳ ಲೋಕದಲ್ಲಿ ಮಾತ್ರ ಅದು ಅಪರೂಪವೇನಲ್ಲ. 1986ರಲ್ಲಿ ದೂರದರ್ಶನದಲ್ಲಿ ಆರಂಭವಾದ 'ಬುನಿಯಾದ್' ಧಾರಾವಾಹಿಯನ್ನೇ ನೋಡಬಹುದು. ಅದರಲ್ಲಿ ಮಾಸ್ಟರ್ ಹವೇಲಿರಾಮನ ಪಾತ್ರ ವಹಿಸಿದ್ದ ಅಲೋಕ್ ನಾಥ್ ಹುಟ್ಟಿದ್ದು 1956ರಲ್ಲಿ. ಅವರ ಮಕ್ಕಳಾಗಿ ಅಭಿನಯಿಸಿದ ಕನ್ವಲ್‌ಜಿತ್ ಸಿಂಗ್ ಹುಟ್ಟಿದ್ದು 1951ರಲ್ಲಿ, ದಲೀಪ್ ತಾಹಿಲ್ 1952ರಲ್ಲಿ. ಅಂದರೆ ಇಬ್ಬರು 'ಮಕ್ಕಳೂ' ತಮ್ಮ 'ಅಪ್ಪ'ನಿಗಿಂತ ನಾಲ್ಕೈದು ವರ್ಷ ಹಿರಿಯರು. ಆದರೂ ಲಕ್ಷಾಂತರ ಮನೆಗಳಲ್ಲಿ ಈ ಧಾರಾವಾಹಿಯನ್ನು ನೋಡಿದವರಿಗೆ ಇದರಲ್ಲಿ ಅಸಹಜವಾದುದೇನೂ ಕಾಣಲಿಲ್ಲ. ಹವೇಲಿರಾಮ ಅಪ್ಪನಂತೆಯೇ ಇದ್ದ, ಮುಂದೆ ಅಜ್ಜನೂ ಆದ.

ಇದನ್ನು ಮೇಕಪ್ಪಿನ ಕೈಚಳಕ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಮೇಕಪ್ ಮಾಡುವವನು ಬಣ್ಣ ಹಚ್ಚುವುದಕ್ಕೆ ಮುನ್ನವೇ ನೋಡುವವರ ಮನಸ್ಸಿನಲ್ಲಿ ಒಂದು ಪಟ್ಟಿ ಸಿದ್ಧವಾಗಿರುತ್ತದೆ. ಕಿವಿಯ ಮೇಲೆ ಬೆಳ್ಳಗಾದ ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ, ಹೆಗಲ ಮೇಲಿನ ಶಾಲು, ಮಂಕು ಬಣ್ಣದ ಸೀರೆ, ಕೈಯಲ್ಲಿ ಜಪಮಾಲೆ, ಗೋಡೆಯ ಮೇಲೆ ಹಾರ ಹಾಕಿದ ಫೋಟೊ - ಇವುಗಳಲ್ಲಿ ಎರಡು ಮೂರು ಕಂಡರೆ ಸಾಕು, ಪಾತ್ರಕ್ಕೆ ವಯಸ್ಸಾಗಿದೆ ಎಂದು ವೀಕ್ಷಕ ಒಪ್ಪಿಕೊಳ್ಳುತ್ತಾನೆ. ಈ ಗುರುತುಗಳು ಎಷ್ಟು ವರ್ಷ ಎಂದು ಹೇಳುವುದಕ್ಕಿಂತ ಹೆಚ್ಚಾಗಿ, ಆ ಮನೆಯಲ್ಲಿ ಆ ವ್ಯಕ್ತಿಯ ಸ್ಥಾನ ಯಾವುದು ಎಂಬುದನ್ನು ಹೇಳುತ್ತವೆ. ಅಪ್ಪ, ಅಮ್ಮ, ಅತ್ತೆ, ಅಜ್ಜಿ, ವಿಧವೆ, ಸೊಸೆ ಎಂಬ ಸ್ಥಾನಗಳೇ ನಮ್ಮ ಧಾರಾವಾಹಿಗಳಲ್ಲಿ ವಯಸ್ಸಿನ ಹೆಸರುಗಳಾಗಿವೆ. ಈ ಗುರುತುಗಳು ಎಲ್ಲಿಂದ ಬಂದವು, ನಾಲ್ಕು ದಶಕಗಳಲ್ಲಿ ಹೇಗೆ ಬದಲಾದವು ಎಂಬುದು ಕುತೂಹಲದ ಚರಿತ್ರೆ. ಅದರೊಳಗೆ ಸಣ್ಣದೊಂದು ಅನ್ಯಾಯದ ಕಥೆಯೂ ಅಡಗಿದೆ.

ರಂಗದಿಂದ ಪೆಟ್ಟಿಗೆಗೆ

ಮುಪ್ಪನ್ನು ಬರೆಯುವ ವಿದ್ಯೆ ಟಿ.ವಿ.ಗೆ ಬಂದದ್ದು ನಾಟಕದಿಂದ. ಕಂಪೆನಿ ನಾಟಕಗಳ ಕಾಲದಲ್ಲಿ ಬಣ್ಣದ ಕೋಣೆಯ ಲೆಕ್ಕಾಚಾರ ಸರಳವಾಗಿತ್ತು. ಹಿಂದಿನ ಸಾಲಿನಲ್ಲಿ, ಚಾಪೆಯ ಮೇಲೆ ಕುಳಿತ ಪ್ರೇಕ್ಷಕನಿಗೂ ಪಾತ್ರ ಮುದುಕನೆಂದು ಗೊತ್ತಾಗಬೇಕು. ಆದ್ದರಿಂದ ಗಡ್ಡ ದೊಡ್ಡದಾಗಿರಬೇಕು, ಹಣೆಯ ಗೆರೆಗಳು ದಪ್ಪವಾಗಿರಬೇಕು, ಬೆನ್ನು ಬಾಗಿರಬೇಕು, ಕೈಯಲ್ಲಿ ಕೋಲಿರಬೇಕು. ದೂರ ಎಂಬುದು ನಟನಿಗೆ ದೊಡ್ಡ ರಕ್ಷಣೆಯಾಗಿತ್ತು. ಮರಾಠಿ ರಂಗಭೂಮಿಯ ಬಾಲಗಂಧರ್ವರು ಗಂಡಸಾಗಿದ್ದೂ, ನಡುವಯಸ್ಸು ದಾಟಿದ ಮೇಲೂ ನಾಯಕಿಯ ಪಾತ್ರ ಮಾಡುತ್ತಿದ್ದುದು ಸಾಧ್ಯವಾದದ್ದರಲ್ಲಿ ಅವರ ಕಂಠದ ಜೊತೆಗೆ ಈ ದೂರದ ಪಾಲೂ ಇತ್ತು.

ಟಿ.ವಿ. ಈ ದೂರವನ್ನು ಕಿತ್ತುಕೊಂಡಿತು. ಪೆಟ್ಟಿಗೆ ಚಿಕ್ಕದು, ಆದ್ದರಿಂದ ಇಡೀ ದೃಶ್ಯವನ್ನು ತೋರಿಸಿದರೆ ಮನುಷ್ಯರು ಬೊಂಬೆಗಳಂತೆ ಕಾಣುತ್ತಾರೆ. ಭಾವನೆ ತಲುಪಬೇಕಾದರೆ ಕ್ಯಾಮೆರಾ ಮುಖದ ಹತ್ತಿರ ಹೋಗಲೇಬೇಕು. ಹೀಗಾಗಿ ಧಾರಾವಾಹಿ ಎಂಬುದು ಮುಖ್ಯವಾಗಿ ಮುಖಗಳ ಕಲೆಯಾಯಿತು. ನಡುಮನೆಯಲ್ಲಿ ಏಳೆಂಟು ಅಡಿ ದೂರದಲ್ಲಿ ಕುಳಿತವನ ಕಣ್ಣಿಗೆ ಕಂಪೆನಿ ನಾಟಕದ ದಪ್ಪ ಗೆರೆ ಬರೀ ಗೆರೆಯಾಗಿಯೇ ಕಾಣುತ್ತದೆ, ಸುಕ್ಕಾಗಿ ಕಾಣುವುದಿಲ್ಲ.

ಆದರೆ ಅಂದಿನ ತಂತ್ರಜ್ಞಾನ ಇನ್ನೊಂದು ರೀತಿಯಲ್ಲಿ ಸಹಾಯಕ್ಕೆ ಬಂತು. ನಮ್ಮ ಹಳೆಯ ಟಿ.ವಿ. ಚಿತ್ರ 625 ಅಡ್ಡಗೆರೆಗಳಿಂದ ಕೂಡಿದ್ದಾಗಿತ್ತು. ಚರ್ಮದ ನವಿರು ಸುಕ್ಕುಗಳು ಆ ಗೆರೆಗಳ ನಡುವೆ ಕರಗಿಹೋಗುತ್ತಿದ್ದವು. ಉಳಿಯುತ್ತಿದ್ದುದು ದೊಡ್ಡ ಆಕಾರಗಳು, ಕಪ್ಪು ಬಿಳುಪಿನ ಸ್ಪಷ್ಟ ವ್ಯತ್ಯಾಸಗಳು: ತಲೆಗೂದಲಿನ ಬಣ್ಣ, ಕನ್ನಡಕದ ಚೌಕಟ್ಟು, ಮೀಸೆ, ಸೆರಗು. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದರೂ ಎಂಬತ್ತರ ದಶಕದುದ್ದಕ್ಕೂ ಎಷ್ಟೋ ಮನೆಗಳಲ್ಲಿ ಇದ್ದದ್ದು ಕಪ್ಪು ಬಿಳುಪು ಸೆಟ್ಟುಗಳೇ. ಅಲ್ಲಿಗೆ ವಯಸ್ಸನ್ನು ಚರ್ಮದಲ್ಲಿ ಹುಡುಕುವ ಬದಲು ಕೂದಲು ಮತ್ತು ಬಟ್ಟೆಯಲ್ಲಿ ಹೇಳುವ ಪದ್ಧತಿ ಬೇರೂರಿತು.

ಸುಕ್ಕು ಬೇಕೇ ಬೇಕು ಎಂದಾಗ ಪ್ರಸಾಧನ ಕಲೆಯಲ್ಲಿ ಅದಕ್ಕೂ ಉಪಾಯವಿದೆ. ನಟನ ಚರ್ಮವನ್ನು ಬೆರಳಿನಿಂದ ಎಳೆದು ಹಿಡಿದು, ಅದರ ಮೇಲೆ ದ್ರವರೂಪದ ರಬ್ಬರನ್ನು ತೆಳುವಾಗಿ ತಟ್ಟಿ ಒಣಗಿಸುತ್ತಾರೆ. ಕೈ ಬಿಟ್ಟಾಗ ಚರ್ಮ ಹಿಂದಕ್ಕೆ ಸರಿದು ರಬ್ಬರಿನ ಪದರ ಮಡಿಕೆಯಾಗುತ್ತದೆ, ಅದೇ ಸುಕ್ಕು. ಕೆನ್ನೆ ಮತ್ತು ಕಣ್ಣಿನ ಕೆಳಗಿನ ತಗ್ಗುಗಳಿಗೆ ಗಾಢ ಬಣ್ಣ, ಮೂಳೆಯ ಉಬ್ಬುಗಳಿಗೆ ತಿಳಿ ಬಣ್ಣ ಹಚ್ಚಿದರೆ ಮುಖ ಸೊರಗಿದಂತೆ ಕಾಣುತ್ತದೆ. ಕೊನೆಗೆ ನಿಜ ಹೇಳಿಬಿಡುವುದು ಕುತ್ತಿಗೆ ಮತ್ತು ಕೈಗಳು. ಮುಖಕ್ಕೆ ಅರವತ್ತಾಗಿದ್ದು ಮುಂಗೈಗೆ ಇನ್ನೂ ಮೂವತ್ತೇ ಆಗಿರುವುದು ಈ ಕಸುಬಿನ ಹಳೆಯ ತೊಡಕು. ಶಾಲು ಹೊದೆಸುವುದರಲ್ಲಿ, ಉದ್ದ ತೋಳಿನ ಕುಪ್ಪಸ ತೊಡಿಸುವುದರಲ್ಲಿ ಈ ತೊಡಕಿಗೂ ಒಂದಿಷ್ಟು ಪರಿಹಾರವಿದೆ.

ಅಜ್ಜಿ ಹೇಗಿರಬೇಕು?

ಭಾರತದ ಕಿರುತೆರೆಗೆ ಕುಟುಂಬದ ಕಥೆಯ ದಾರಿ ತೋರಿಸಿದ್ದು 1984ರ ಜುಲೈ 7ರಂದು ಆರಂಭವಾದ 'ಹಮ್ ಲೋಗ್'. ಮನೋಹರ ಶ್ಯಾಮ ಜೋಶಿ ಬರೆದ ಈ ಧಾರಾವಾಹಿಯಲ್ಲಿ ಒಂದೇ ಸೂರಿನಡಿ ಮೂರು ತಲೆಮಾರುಗಳಿದ್ದವು. ಅಜ್ಜಿಯ ಪಾತ್ರ ವಹಿಸಿದ್ದು ಸುಷ್ಮಾ ಸೇಠ್. 1936ರಲ್ಲಿ ಹುಟ್ಟಿದ ಅವರಿಗೆ ಆಗ 48 ವರ್ಷ. ಅಂದಿನ ದಿನಗಳಲ್ಲಿ 48ಕ್ಕೆ ಅಜ್ಜಿಯಾದವರು ಎಷ್ಟೋ ಮಂದಿ ಇದ್ದರು. ಆದರೆ 'ಹಮ್ ಲೋಗ್'ನ ಅಜ್ಜಿ ಮದುವೆಯ ವಯಸ್ಸಿಗೆ ಬಂದ ಮೊಮ್ಮಕ್ಕಳಿದ್ದ ಅಜ್ಜಿ. ಕ್ಯಾನ್ಸರ್ ಕಾಯಿಲೆಗೆ ತುತ್ತಾಗುವ ಆ ಪಾತ್ರಕ್ಕಾಗಿ ನಾಡಿನ ಜನ ಮರುಗಿದರು. ಪಾತ್ರದ ಮುಪ್ಪನ್ನು ಯಾರೂ ಅನುಮಾನಿಸಲಿಲ್ಲ.

ಆ ಕಾಲದ ವಾರದ ಧಾರಾವಾಹಿಗಳಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು 13 ಕಂತು. ಅಷ್ಟರಲ್ಲಿ ಪಾತ್ರಗಳಿಗೆ ವಯಸ್ಸಾಗಲು ಸಮಯವೇ ಇರುತ್ತಿರಲಿಲ್ಲ. ಪಾತ್ರ ಯಾವ ವಯಸ್ಸಿನಲ್ಲಿ ಬಂತೋ ಅದೇ ವಯಸ್ಸಿನಲ್ಲಿ ಹೋಗುತ್ತಿತ್ತು. ಅದನ್ನು ಬದಲಿಸಿದ್ದು, ಅದೇ ಜೋಶಿಯವರು ಬರೆದು, ರಮೇಶ್ ಸಿಪ್ಪಿ ಮತ್ತು ಜ್ಯೋತಿ ಸರೂಪ್ ನಿರ್ದೇಶಿಸಿದ 'ಬುನಿಯಾದ್'. ದೇಶ ವಿಭಜನೆಯ ಈ ಕಥೆ 20ನೇ ಶತಮಾನದ ಎರಡನೇ ದಶಕದಲ್ಲಿ ಲಾಹೋರಿನಲ್ಲಿ ಆರಂಭವಾಗಿ ಎಪ್ಪತ್ತರ ದಶಕದ ದೆಹಲಿಯವರೆಗೆ ಸಾಗುತ್ತದೆ. ನೂರಕ್ಕೂ ಹೆಚ್ಚು ಕಂತುಗಳು. ಹವೇಲಿರಾಮ ಮತ್ತು ಅವನ ಹೆಂಡತಿ ಲಾಜೋಜಿ (ಈ ಪಾತ್ರ ಅನಿತಾ ಕನ್ವರ್ ಅವರದು) ತಾರುಣ್ಯದಿಂದ ಮುಪ್ಪಿನವರೆಗೆ ಬದುಕನ್ನು ಸವೆಸುತ್ತಾರೆ.

ಇಲ್ಲಿ ಮುಪ್ಪು ಕಂತು ಕಂತಾಗಿ ಬಂತು ಎಂಬುದು ಗಮನಾರ್ಹ. ವೀಕ್ಷಕರ ಕಣ್ಣೆದುರೇ ಮಕ್ಕಳು ಬೆಳೆದರು, ಮನೆ ಹೋಯಿತು, ಊರು ಹೋಯಿತು, ದೇಶ ಒಡೆಯಿತು, ನಿರಾಶ್ರಿತರ ಶಿಬಿರದಲ್ಲಿ ಮತ್ತೆ ಬದುಕು ಕಟ್ಟಬೇಕಾಯಿತು. ಇಷ್ಟನ್ನೂ ಕಂಡವರಿಗೆ ಲಾಜೋಜಿಯ ತಲೆಯಲ್ಲಿ ಬಿಳಿ ಕೂದಲು ಕಂಡಾಗ ಅದು ಮೇಕಪ್ ಎಂದು ಅನ್ನಿಸಲಿಲ್ಲ. ಮಗನಾಗಿ ನಟಿಸಿದವರಿಗಿಂತ ಕಿರಿಯ ನಟ ಅಪ್ಪನಾಗಿ ಒಪ್ಪಿಗೆಯಾದದ್ದರ ಗುಟ್ಟು ಇದೇ. ಬಣ್ಣದ ಕೋಣೆಯವರು ಬರೆದದ್ದು ಅರ್ಧ ಮುಪ್ಪು, ಉಳಿದರ್ಧವನ್ನು ಬರೆದದ್ದು ಕಥೆ. ವಿಭಜನೆಯನ್ನು ಕಂಡ ಪೀಳಿಗೆ ಆಗ ನಿಜವಾಗಿಯೂ ಅಜ್ಜ ಅಜ್ಜಿಯರ ವಯಸ್ಸಿನಲ್ಲಿತ್ತು. ಆ ಕೂದಲು ಯಾಕೆ ಬೆಳ್ಳಗಾಯಿತು ಎಂಬುದು ಉತ್ತರ ಭಾರತದ ಎಷ್ಟೋ ಮನೆಗಳಿಗೆ ಸ್ವಂತ ಅನುಭವದಿಂದ ಗೊತ್ತಿತ್ತು.

ಮುಪ್ಪಾಗದ ದೇವರು, ಮುಪ್ಪಾದ ಭೀಷ್ಮ

ಪುರಾಣದ ಧಾರಾವಾಹಿಗಳಲ್ಲಿ ವಯಸ್ಸಿನ ಲೆಕ್ಕ ಬೇರೆ. ರಮಾನಂದ ಸಾಗರ್ ಅವರ 'ರಾಮಾಯಣ' 1987ರ ಜನವರಿ 25ರಂದು ಆರಂಭವಾಯಿತು. ಹದಿನಾಲ್ಕು ವರ್ಷ ಕಾಡಿನಲ್ಲಿ ಕಳೆದರೂ ಅದರ ರಾಮನಿಗೆ ಗಡ್ಡ ಬೆಳೆಯುವುದಿಲ್ಲ, ಮುಖ ಸೊರಗುವುದಿಲ್ಲ. ನಮ್ಮ ದೇವರಪಟಗಳ ಸಂಪ್ರದಾಯವೇ ಅಂಥದು. ರಾಜಾ ರವಿವರ್ಮ ತಮ್ಮ ಮುದ್ರಣಾಲಯದಿಂದ ಮನೆ ಮನೆಗೆ ತಲುಪಿಸಿದ ಚಿತ್ರಗಳಲ್ಲಿ ದೇವರು ಸದಾ ತರುಣ. ಕ್ಯಾಲೆಂಡರುಗಳಲ್ಲಿ ನೂರು ವರ್ಷ ಹಾಗೆ ಕಂಡವನನ್ನು ಟಿ.ವಿ.ಯಲ್ಲಿ ಬೇರೆಯಾಗಿ ತೋರಿಸಿದ್ದರೆ ಜನ ಕೈಮುಗಿಯುತ್ತಿದ್ದರೇ?

ಅದೇ ಧಾರಾವಾಹಿಯ ಹನುಮಂತನ ವಿಷಯ ಇನ್ನೂ ಸ್ವಾರಸ್ಯಕರ. ಪಾತ್ರ ವಹಿಸಿದ ಕುಸ್ತಿಪಟು ದಾರಾಸಿಂಗ್ ಹುಟ್ಟಿದ್ದು 1928ರಲ್ಲಿ. ಸಮುದ್ರ ಹಾರುವ, ಲಂಕೆ ಸುಡುವ ಹನುಮಂತನಾದಾಗ ಅವರು ಅರವತ್ತರ ಸಮೀಪದಲ್ಲಿದ್ದರು. ವಾನರನ ಮುಖದ ಅಲಂಕಾರ ವಯಸ್ಸಿನ ಎಲ್ಲ ಗುರುತುಗಳನ್ನೂ ಅಳಿಸಿಹಾಕಿತು. ಕುಸ್ತಿಯ ಅಖಾಡದಲ್ಲಿ ಪಳಗಿದ ದೇಹ ಉಳಿದದ್ದನ್ನು ಮಾಡಿತು. ಮೂವತ್ತರವರನ್ನು ಅರವತ್ತರವರನ್ನಾಗಿ ಮಾಡುವ ಬಣ್ಣವೇ ಅರವತ್ತರ ಸಮೀಪದವರಿಗೆ ವಯಸ್ಸೇ ಇಲ್ಲದಂತೆ ಮಾಡಬಲ್ಲದು.

1988ರ ಅಕ್ಟೋಬರ್ 2ರಿಂದ 1990ರ ಜೂನ್‌ವರೆಗೆ ಪ್ರಸಾರವಾದ ಬಿ.ಆರ್. ಚೋಪ್ರಾ ಅವರ 'ಮಹಾಭಾರತ'ಕ್ಕೆ ಈ ಸೌಲಭ್ಯವಿರಲಿಲ್ಲ. ಅದು ತಲೆಮಾರುಗಳ ಕಥೆ. ಶಂತನುವಿನ ಮಗನಾಗಿ ಬಂದ ದೇವವ್ರತನೇ ಮುಂದೆ ಪಾಂಡವರ ಪಿತಾಮಹನಾಗಿ ಶರಶಯ್ಯೆಯಲ್ಲಿ ಮಲಗಬೇಕು. 1958ರಲ್ಲಿ ಹುಟ್ಟಿದ ಮುಕೇಶ್ ಖನ್ನಾ ಈ ಪಾತ್ರ ಮಾಡಿದರು. ಅವರ 'ಮೊಮ್ಮಗ' ಭೀಮನಾಗಿ ಬಂದ ಪ್ರವೀಣ್ ಕುಮಾರ್, ಏಷ್ಯನ್ ಕ್ರೀಡಾಕೂಟದಲ್ಲಿ ಡಿಸ್ಕಸ್ ಎಸೆತದ ಚಿನ್ನ ಗೆದ್ದ ಕ್ರೀಡಾಪಟು, ಹುಟ್ಟಿದ್ದು 1947ರಲ್ಲಿ. ಅಂದರೆ ಮೊಮ್ಮಗ ಅಜ್ಜನಿಗಿಂತ ಹತ್ತು ವರ್ಷ ದೊಡ್ಡವ!

ಈ ಅಂತರವನ್ನು ಮುಚ್ಚಿದ್ದು ಒಂದು ಬಣ್ಣ - ಬಿಳಿ. ಭೀಷ್ಮನ ಗಡ್ಡ ಬಿಳಿ, ಕೂದಲು ಬಿಳಿ, ಉಡುಗೆ ಬಿಳಿ. ಉಳಿದವರೆಲ್ಲ ಚಿನ್ನದ ಬಣ್ಣದ ಆಭರಣಗಳಲ್ಲಿ, ಕೆಂಪು ಹಳದಿ ರೇಷ್ಮೆಗಳಲ್ಲಿ ತುಂಬಿದ್ದ ಸಭೆಯಲ್ಲಿ ಆ ಬಿಳುಪು ಎಲ್ಲರಿಗಿಂತ ಮೊದಲು ಕಣ್ಣಿಗೆ ಬೀಳುತ್ತಿತ್ತು. ಭೀಷ್ಮನ ಬೆನ್ನು ಬಾಗಿರಲಿಲ್ಲ, ಕೈಯಲ್ಲಿ ಕೋಲೂ ಇರಲಿಲ್ಲ. ಯುದ್ಧ ಮಾಡಬಲ್ಲ ಮುದುಕನನ್ನು ತೋರಿಸಬೇಕಾದಾಗ ನಾಟಕದ ಹಳೆಯ ಗುರುತುಗಳಲ್ಲಿ ಅರ್ಧವನ್ನು ಬಿಟ್ಟು ಅರ್ಧವನ್ನು ಮಾತ್ರ ಇಟ್ಟುಕೊಂಡರು. ಗಂಡ ತೀರಿಕೊಂಡ ಮೇಲೆ ಕುಂತಿಯೂ ಬಿಳಿ ಉಟ್ಟಳು. ಐವರು ಪ್ರಾಯದ ಮಕ್ಕಳ ತಾಯಿ ಎಂಬುದನ್ನು ಆ ಬಿಳಿ ಸೀರೆಯೇ ಹೇಳಿತು. ಆದರೆ ಭೀಷ್ಮನ ಬಿಳಿ ಮತ್ತು ಕುಂತಿಯ ಬಿಳಿ ಒಂದೇ ಅರ್ಥದವಲ್ಲ. ಅವನ ಬಿಳಿ ವರ್ಷಗಳನ್ನೂ ವ್ರತವನ್ನೂ ಹೇಳುತ್ತದೆ, ಅವಳ ಬಿಳಿ ಗಂಡನಿಲ್ಲದ್ದನ್ನು ಹೇಳುತ್ತದೆ. ಇನ್ನು ಮದುವೆಯಾದ ಅಭಿಮನ್ಯುವಿನ ಸೋದರಮಾವನಾದ ಶ್ರೀಕೃಷ್ಣನ ತಲೆಯಲ್ಲಿ ಒಂದು ನರೆಗೂದಲೂ ಇಲ್ಲ. ಅವನು ದೇವರು, ಪಟದ ನಿಯಮಕ್ಕೆ ಸೇರಿದವನು.

ಸೀರೆಯ ಲೆಕ್ಕ

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಗಂಡಸಿನ ವಯಸ್ಸನ್ನು ಕಿರುತೆರೆ ಅವನ ಕೂದಲಿನಲ್ಲಿ ತೋರಿಸಿತು. ಹೆಂಗಸಿನ ವಯಸ್ಸನ್ನು ತೋರಿಸಿದ್ದು ಹೆಚ್ಚಾಗಿ ಅವಳ ಮದುವೆಯ ಗುರುತುಗಳಲ್ಲಿ. ಬೈತಲೆಯ ಸಿಂಧೂರ, ಕರಿಮಣಿ, ಬಳೆ, ಸೀರೆಯ ಬಣ್ಣ ಇವೆಲ್ಲ ಮೂಲದಲ್ಲಿ ವಯಸ್ಸಿನ ಸೂಚನೆಗಳೇ ಅಲ್ಲ. ಆದರೆ ಪರದೆಯ ಮೇಲೆ ಅವು ಆ ಕೆಲಸವನ್ನೂ ಮಾಡುತ್ತವೆ. ಹೊಸ ಸೊಸೆಗೆ ಕೆಂಪು, ತಾಯಿಗೆ ತಿಳಿ ಬಣ್ಣ, ವಿಧವೆಗೆ ಬಿಳಿ.

ಇದು ಟಿ.ವಿ. ಹುಟ್ಟುಹಾಕಿದ ಕ್ರಮವೇನಲ್ಲ. ಕರ್ನಾಟಕದ ಕೆಲವು ಸಮುದಾಯಗಳಲ್ಲಿ ಒಂದು ಕಾಲಕ್ಕೆ ವಿಧವೆಯ ಗುರುತು ಬೋಳಿಸಿದ ತಲೆ ಮತ್ತು ಕೆಂಪು ಸೀರೆಯಾಗಿತ್ತು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನೋ, ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಆಧರಿಸಿ ತೆಗೆದ ಚಿತ್ರವನ್ನೋ ಬಲ್ಲವರಿಗೆ ಇದರ ಕ್ರೌರ್ಯ ಗೊತ್ತು. ಆಟವಾಡುವ ಹುಡುಗಿ ಗಂಡ ಸತ್ತ ಕಾರಣಕ್ಕೆ ಮುದುಕಿಯ ವೇಷ ತೊಡಬೇಕಾಗುತ್ತಿತ್ತು. ಉಡುಗೆಯೇ ಅವಳ ವಯಸ್ಸನ್ನು ನಿರ್ಧರಿಸುತ್ತಿತ್ತು, ಹುಟ್ಟಿದ ವರ್ಷವಲ್ಲ. ಸಮಾಜ ಹೆಂಗಸರಿಗೆ ಹಾಕಿದ್ದ ಈ ಲೆಕ್ಕವನ್ನೇ ಟಿ.ವಿ. ಕೂಡ ತನ್ನ ಅನುಕೂಲಕ್ಕೆ ಬಳಸಿಕೊಂಡಿತು.

ಇಪ್ಪತ್ತು ವರ್ಷದ ಜಿಗಿತ

ಖಾಸಗಿ ಚಾನೆಲ್ಲುಗಳು ಬಂದ ಮೇಲೆ ಈ ಲೆಕ್ಕ ಇನ್ನಷ್ಟು ಬಿಗಿಯಾಯಿತು. 2000ದ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ 'ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ' ಆರಂಭವಾಯಿತು. ಏಕ್ತಾ ಕಪೂರ್ ಅವರ ಬಾಲಾಜಿ ಸಂಸ್ಥೆಯ ಈ ಧಾರಾವಾಹಿ 2008ರವರೆಗೆ 1800ಕ್ಕೂ ಹೆಚ್ಚು ಕಂತು ನಡೆಯಿತು. ವಾರಕ್ಕೊಂದು ಕಂತಿನ ಕಾಲ ಹೋಗಿ ದಿನಕ್ಕೊಂದು ಕಂತಿನ ಕಾಲ ಬಂದಿತ್ತು. ಕಥೆ ಬೇಗ ಸವೆಯುತ್ತದೆ, ಮದುವೆ ಮಕ್ಕಳು ಜಗಳ ಎಲ್ಲವೂ ತೀರಿಹೋಗುತ್ತವೆ. ಆಗ ಹುಟ್ಟಿದ ಉಪಾಯವೇ ಕಾಲದ ಜಿಗಿತ. ಒಂದು ರಾತ್ರಿ ತೊಟ್ಟಿಲಲ್ಲಿದ್ದ ಮಗು ಕೆಲವೇ ಕಂತುಗಳಲ್ಲಿ ಕಾರು ಓಡಿಸಿಕೊಂಡು ಬರುತ್ತದೆ. ಹೊಸ ಜೋಡಿ, ಹೊಸ ಪ್ರೇಮ, ಹೊಸ ಕಥೆ.

ಆದರೆ ಹಳೆಯ ನಾಯಕಿಯನ್ನು ಕೈಬಿಡುವಂತಿಲ್ಲ, ವೀಕ್ಷಕರು ಬರುವುದೇ ಅವಳಿಗಾಗಿ. ಆದ್ದರಿಂದ ಅವಳಿಗೂ ಇಪ್ಪತ್ತು ವರ್ಷ ವಯಸ್ಸಾಗಬೇಕು. 1976ರಲ್ಲಿ ಹುಟ್ಟಿದ ಸ್ಮೃತಿ ಇರಾನಿ ತುಳಸಿಯ ಪಾತ್ರಕ್ಕೆ ಬಂದಾಗ ಅವರಿಗೆ 24 ವರ್ಷ. ಮೂವತ್ತು ತುಂಬುವ ಹೊತ್ತಿಗೆ ಅವರು ಬೆಳೆದ ಮಕ್ಕಳ ತಾಯಿ, ಅತ್ತೆ ಎಲ್ಲ ಆಗಿದ್ದರು. ತುಳಸಿಯ ಗಂಡನ ಮಗ ಕರಣ್ ಆಗಿ ನಟಿಸಿದ ಹಿತೇನ್ ತೇಜ್ವಾನಿ ಹುಟ್ಟಿದ್ದು 1974ರಲ್ಲಿ. 'ಬುನಿಯಾದ್'ನ ಅಪ್ಪ ಮಗನ ವಿಚಿತ್ರ ಇಲ್ಲಿ ತಾಯಿ ಮಗನ ರೂಪದಲ್ಲಿ ಮರಳಿತು.

ಎರಡಕ್ಕೂ ವ್ಯತ್ಯಾಸವಿದೆ. 'ಬುನಿಯಾದ್'ನಲ್ಲಿ ಮುಪ್ಪು ನಿಧಾನವಾಗಿ ಬಂತು, ಅದರ ಹಿಂದೆ ಚರಿತ್ರೆಯಿತ್ತು. ದೈನಿಕ ಧಾರಾವಾಹಿಯಲ್ಲಿ ಮುಪ್ಪು ರಾತ್ರೋರಾತ್ರಿ ಬಂತು. ಸೀರೆಯ ಬಣ್ಣ ತಿಳಿಯಾಯಿತು, ಮುಂದಲೆಯಲ್ಲಿ ಒಂದೆರಡು ಬೆಳ್ಳಿ ಎಳೆಗಳು ಕಾಣಿಸಿದವು, ಕನ್ನಡಕ ಬಂತು. ಮುಖ ಮಾತ್ರ ಹಾಗೆಯೇ ಇತ್ತು. ಇದಕ್ಕೆ ಚಿತ್ರೀಕರಣದ ಆತುರವೂ ಕಾರಣ. ದಿನಕ್ಕೊಂದು ಕಂತು ಮುಗಿಸಬೇಕಾದವರು ಪ್ರತಿ ದೃಶ್ಯಕ್ಕೂ ಬೆಳಕನ್ನು ಹೊಸದಾಗಿ ಹೊಂದಿಸುತ್ತ ಕೂರಲಾರರು. ಎಲ್ಲ ಕಡೆಯಿಂದಲೂ ಸಮನಾಗಿ ಬೀಳುವ ಬೆಳಕನ್ನು ಇಟ್ಟುಬಿಡುತ್ತಾರೆ. ಪಕ್ಕದಿಂದಲೋ ಮೇಲಿನಿಂದಲೋ ಬೀಳುವ ಬೆಳಕು ಮುಖದ ತಗ್ಗು ದಿಣ್ಣೆಗಳನ್ನು ತೋರಿಸುತ್ತದೆ, ಸಮನಾದ ಬೆಳಕು ಅವನ್ನು ಅಳಿಸುತ್ತದೆ. ಅಜ್ಜಿಗೂ ಮೊಮ್ಮಗಳಿಗೂ ಒಂದೇ ಬೆಳಕು. ಗಂಟೆಗಟ್ಟಲೆ ಕೂತು ರಬ್ಬರಿನ ಸುಕ್ಕು ಬರೆಯಿಸಿಕೊಳ್ಳುವುದಂತೂ ದೂರದ ಮಾತು.

ಇದರ ಬೆಲೆ ತೆತ್ತವರು ಮುಖ್ಯವಾಗಿ ನಟಿಯರು. ಒಮ್ಮೆ ಬೆಳೆದ ಮಕ್ಕಳ ತಾಯಿಯಾಗಿ ಕಂಡವಳಿಗೆ ಮತ್ತೆ ನಾಯಕಿಯ ಪಾತ್ರ ಸಿಗುವುದು ಕಷ್ಟ. ಹೀಗಾಗಿ ಕಥೆ ಜಿಗಿಯುವ ಹೊತ್ತಿಗೆ ಪಾತ್ರ ಬಿಟ್ಟು ಹೋಗುವುದು ಕಿರುತೆರೆಯಲ್ಲಿ ಸಾಮಾನ್ಯ ಸುದ್ದಿಯಾಯಿತು. ಇನ್ನೊಂದು ಕಡೆ, ನಿಜವಾಗಿಯೂ ಐವತ್ತು ಅರವತ್ತು ದಾಟಿದ ನಟಿಯರು ಮಾಡಬಹುದಾಗಿದ್ದ ಪಾತ್ರಗಳು ಮೂವತ್ತರವರ ಪಾಲಾದವು. ಅದೇ 'ಕ್ಯೋಂಕಿ'ಯಲ್ಲಿ 'ಬಾ' ಆಗಿ ಬಂದ ಸುಧಾ ಶಿವಪುರಿ ಹುಟ್ಟಿದ್ದು 1937ರಲ್ಲಿ. ಅವರ ಮುಖದ ಗೆರೆಗಳನ್ನು ಯಾರೂ ಬರೆಯಬೇಕಾಗಿರಲಿಲ್ಲ. ಆ ಮನೆಯ ಬೇರೆ ಅತ್ತೆಯರ ನಡುವೆ ಅವರು ನಿಂತಾಗ ಬರೆದ ವಯಸ್ಸಿಗೂ ಬಾಳಿದ ವಯಸ್ಸಿಗೂ ಇರುವ ಅಂತರ ತಾನಾಗಿ ಕಾಣುತ್ತಿತ್ತು.

ಉಡುಗೆ ಒಂದು ಹೇಳಿತು, ದೇಹ ಇನ್ನೊಂದು

ದೊಡ್ಡವರನ್ನು ಮುದುಕರನ್ನಾಗಿ ಮಾಡಬಹುದು, ಆದರೆ ಮಕ್ಕಳ ವಯಸ್ಸನ್ನು ಬಣ್ಣದಿಂದ ಬರೆಯಲಾಗದು. ಎತ್ತರ, ದನಿ, ಉದುರಿದ ಹಲ್ಲು ಇವು ಸುಳ್ಳು ಹೇಳುವುದಿಲ್ಲ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿಯಾಗಿ ಬಂದ ಮಾಸ್ಟರ್ ಮಂಜುನಾಥ್ ಇಂದಿಗೂ ನೆನಪಿರುವುದು ಇದಕ್ಕಾಗಿಯೇ. ಉಡುಪು ಸ್ವಾತಂತ್ರ್ಯಪೂರ್ವ ಕಾಲವನ್ನು ಹೇಳುತ್ತಿತ್ತು, ವಯಸ್ಸನ್ನು ಹುಡುಗನೇ ಹೇಳುತ್ತಿದ್ದ.

ಈ ಸತ್ಯವನ್ನು ತನ್ನ ವಸ್ತುವಿಗೆ ಬಳಸಿಕೊಂಡದ್ದು 2008ರ ಜುಲೈ 21ರಂದು ಕಲರ್ಸ್ ವಾಹಿನಿಯಲ್ಲಿ ಆರಂಭವಾದ 'ಬಾಲಿಕಾ ವಧು'. ರಾಜಸ್ಥಾನದ ಎಂಟು ವರ್ಷದ ಆನಂದಿಗೆ ಮದುವೆಯಾಗುತ್ತದೆ. 1997ರಲ್ಲಿ ಹುಟ್ಟಿದ ಅವಿಕಾ ಗೋರ್ ಆ ಪಾತ್ರ ಮಾಡಿದರು. ತಲೆಯ ಮೇಲೆ ಸೆರಗು, ಬೈತಲೆಯಲ್ಲಿ ಸಿಂಧೂರ, ಕೈತುಂಬ ಬಳೆ - ಕಿರುತೆರೆಯ ಲೆಕ್ಕದಲ್ಲಿ ಇವು ಬೆಳೆದ ಹೆಣ್ಣಿನ ಗುರುತುಗಳು. ಆದರೆ ಅವುಗಳೊಳಗೆ ಇದ್ದದ್ದು ಒಂದು ಮಗು. ಅದುವರೆಗೆ ಉಡುಗೆ ಹೇಳಿದ್ದನ್ನು ನಂಬುತ್ತ ಬಂದಿದ್ದ ವೀಕ್ಷಕ ಇಲ್ಲಿ ನಂಬಲಾರದೆ ಹೋದ. ಬಾಲ್ಯವಿವಾಹದ ವಿರುದ್ಧ ಪಾತ್ರಗಳು ಆಡಿದ ಮಾತಿಗಿಂತ ಆ ಚಿತ್ರವೇ ಹೆಚ್ಚು ಹೇಳಿತು. ಹೆಣ್ಣಿಗೆ 18 ತುಂಬದೆ ಮದುವೆ ಮಾಡುವುದನ್ನು ನಿಷೇಧಿಸುವ 2006ರ ಕಾಯ್ದೆ ಜಾರಿಯಾಗಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ.

ಆನಂದಿಯ ಎದುರು ನಿಂತವರು ಅತ್ತೆಯ ಅತ್ತೆ, 'ದಾದೀಸಾ' ಕಲ್ಯಾಣಿದೇವಿ. ಆ ಪಾತ್ರ ವಹಿಸಿದ ಸುರೇಖಾ ಸಿಕ್ರಿ 1945ರಲ್ಲಿ ಹುಟ್ಟಿದವರು. ಅರವತ್ತು ದಾಟಿದ ಆ ಮುಖದಲ್ಲಿ ಅಧಿಕಾರ, ದುಃಖ, ಹಟ ಎಲ್ಲವೂ ಇದ್ದವು. ನಿಜವಾದ ಮಗು ಮತ್ತು ನಿಜವಾದ ಅಜ್ಜಿ ಎದುರುಬದುರಾದಾಗ ಧಾರಾವಾಹಿಗೆ ಬೇರೆಯೇ ತೂಕ ಬಂತು. ಆನಂದಿ ದೊಡ್ಡವಳಾದಾಗ, 2010ರಲ್ಲಿ, ನಟಿಯನ್ನೇ ಬದಲಿಸಬೇಕಾಯಿತು. ಕನ್ನಡದಲ್ಲಿ 2012ರಲ್ಲಿ ಆರಂಭವಾದ 'ಪುಟ್ಟಗೌರಿ ಮದುವೆ' ಇದೇ ಕಥೆಯ ಎಳೆ ಹಿಡಿದು ಬಂದದ್ದು. ಅಲ್ಲೂ ಬಾಲಕಿ ಗೌರಿಯಾಗಿ ಸಾನ್ಯಾ ಅಯ್ಯರ್, ಬೆಳೆದ ಗೌರಿಯಾಗಿ ರಂಜನಿ ರಾಘವನ್ ಬಂದರು.

ಹೊಸ ಕ್ಯಾಮೆರಾ, ಹಳೆಯ ಗುರುತು

2010ರ ನಂತರ ಹೈ ಡೆಫಿನಿಷನ್ ಪ್ರಸಾರ ಬಂದು ಪರದೆಯ ಗೆರೆಗಳು 1080ಕ್ಕೇರಿದವು. ಹಳೆಯ ಪೆಟ್ಟಿಗೆ ಮುಚ್ಚಿಡುತ್ತಿದ್ದುದನ್ನೆಲ್ಲ ಹೊಸದು ತೋರಿಸಿತು. ವಿಗ್ಗಿನ ಅಂಚು, ಅಂಟಿಸಿದ ಮೀಸೆಯ ಬಲೆ, ಪೌಡರಿನ ಪದರ, ಬಿಳಿ ಬಳಿದ ಕೂದಲಿನ ಬುಡ ಯಾವುದೂ ಅಡಗುವುದಿಲ್ಲ. ಮುಪ್ಪನ್ನು ಬರೆಯುವುದು ಮೊದಲಿಗಿಂತ ಕಷ್ಟವಾಗಿದೆ. ಇನ್ನೊಂದೆಡೆ ಮನೆಗಳಲ್ಲಿ ಅಜ್ಜಿಯರೇ ಬದಲಾಗಿದ್ದಾರೆ. ಅರವತ್ತು ದಾಟಿದವರೂ ಕೂದಲಿಗೆ ಬಣ್ಣ ಹಚ್ಚುತ್ತಾರೆ, ಚೂಡಿದಾರ ತೊಟ್ಟು ಬೆಳಗಿನ ವಾಕಿಂಗ್ ಹೋಗುತ್ತಾರೆ. ಗಂಡ ತೀರಿದ ಮೇಲೂ ಕುಂಕುಮ, ಬಣ್ಣದ ಸೀರೆ ಬಿಡದವರು ಹೆಚ್ಚುತ್ತಿದ್ದಾರೆ. ಟಿ.ವಿ. ಮಾತ್ರ ಎಷ್ಟೋ ಬಾರಿ ಹಳೆಯ ಪಟ್ಟಿಯನ್ನೇ ಹಿಡಿದು ಕೂತಿರುತ್ತದೆ. ವಯಸ್ಸಾದ ಹೆಂಗಸು ಹೀಗಿರಬೇಕು ಎಂದು ದಿನಕ್ಕೆ ಅರ್ಧ ಗಂಟೆ ತೋರಿಸುತ್ತ ಹೋದರೆ, ಹಾಗಿಲ್ಲದವಳನ್ನು ನೋಡುವ ನೆರೆಹೊರೆಯ ಕಣ್ಣೂ ಅದಕ್ಕೆ ತಕ್ಕಂತೆ ತಯಾರಾಗುತ್ತದೆ.

ಬದಲಾವಣೆಯ ಲಕ್ಷಣಗಳು ಇಲ್ಲದಿಲ್ಲ. 2021ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿಯೇ ಕಥೆಯ ಕೇಂದ್ರ. 1957ರಲ್ಲಿ ಹುಟ್ಟಿದ ಉಮಾಶ್ರೀ ಆ ಪಾತ್ರ ಮಾಡಿದರು. ಅರವತ್ತು ದಾಟಿದ ನಟಿಯ ಹೆಗಲ ಮೇಲೆ ದಿನದ ಧಾರಾವಾಹಿಯೊಂದನ್ನು ಇಟ್ಟದ್ದು ಸಣ್ಣ ಸಂಗತಿಯಲ್ಲ. 2025ರ ಜುಲೈ 29ರಂದು 'ಕ್ಯೋಂಕಿ'ಯ ಎರಡನೇ ಅವತರಣಿಕೆ ಶುರುವಾದಾಗ ತುಳಸಿಯಾಗಿ ಮರಳಿದ ಸ್ಮೃತಿ ಇರಾನಿ ಅವರಿಗೆ 49 ವರ್ಷ. ಇಪ್ಪತ್ತರ ಕೊನೆಯಲ್ಲೇ ತೊಡಬೇಕಾಗಿ ಬಂದಿದ್ದ ನಡುವಯಸ್ಸು ಈಗ ಅವರ ಸ್ವಂತದ್ದಾಗಿತ್ತು.

2020ರ ಮಾರ್ಚ್ 28ರಿಂದ, ಲಾಕ್‌ಡೌನಿನ ದಿನಗಳಲ್ಲಿ, ದೂರದರ್ಶನ ಹಳೆಯ 'ರಾಮಾಯಣ', 'ಮಹಾಭಾರತ'ಗಳನ್ನು ಮತ್ತೆ ಪ್ರಸಾರ ಮಾಡಿತು. ಮೂವತ್ತು ವರ್ಷಗಳ ಹಿಂದೆ ಹುಡುಗರಾಗಿ ಅವನ್ನು ನೋಡಿದ್ದವರು ಈ ಬಾರಿ ತಮ್ಮ ಮಕ್ಕಳ ಜೊತೆ ಕುಳಿತು ನೋಡಿದರು, ಹಲವರ ಕಿವಿಯ ಮೇಲೆ ಅಷ್ಟರಲ್ಲಿ ನರೆ ಬಂದಿತ್ತು. ಪಿತಾಮಹನಾಗಲು ಬಿಳಿ ಗಡ್ಡ ಅಂಟಿಸಿಕೊಂಡಿದ್ದ ನಟ ತಾನೇ ಅರವತ್ತು ದಾಟಿದ್ದರು. ಪರದೆಯ ಮೇಲಿನ ಭೀಷ್ಮ ಮಾತ್ರ 1988ರಲ್ಲಿ ಹೇಗಿದ್ದನೋ ಹಾಗೆಯೇ ಇದ್ದ, ತಲೆತುಂಬ ಬಿಳಿ ಕೂದಲು, ಮೂವತ್ತರ ಕಣ್ಣು.